ಮೂವತ್ತರ ಗೆರೆ

ಕೆಳಗೆ ಕಾರಿನ ಎಂಜಿನ್ ಶುರುವಾದಾಗ ಆರೂವರೆ. ಅವಳಿಗೆ ಆಗಲೇ ಎಚ್ಚರವಾಗಿತ್ತು, ಅಥವಾ ನಿದ್ದೆಯೇ ಬಂದಿರಲಿಲ್ಲ. ಈ ಆರು ದಿನಗಳಲ್ಲಿ ಎರಡಕ್ಕೂ ಇದ್ದ ವ್ಯತ್ಯಾಸ ಸವೆದುಹೋಗಿತ್ತು. ನೆಲಮಹಡಿಯ ತಾತ ತಮ್ಮ ಹಳೆಯ ಬಿಳಿ ಕಾರನ್ನು ದಿನಾ ಬೆಳಿಗ್ಗೆ ನಿಂತಲ್ಲೇ ಹತ್ತು ನಿಮಿಷ ಓಡಿಸುತ್ತಿದ್ದರು. ಎಲ್ಲಿಗೂ ಹೋಗುವುದಿರಲಿಲ್ಲ. ಎಂಜಿನ್ ಬಿಸಿಯಾಗಬೇಕು, ಎಣ್ಣೆ ಮೈಯೆಲ್ಲ ಹರಡಬೇಕು, ಆಮೇಲೆ ಗಾಡಿ ದಿನವಿಡೀ ಹೇಳಿದ ಮಾತು ಕೇಳುತ್ತದೆ ಎಂಬುದು ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದ ಅವರ ನಂಬಿಕೆ. ಹೋದ ಗುರುವಾರದಿಂದ ಆ ಸದ್ದು ಇರಲಿಲ್ಲ. ಮೇಲಿನ ಮನೆಯಲ್ಲಿ ಸಾವಾಗಿರುವಾಗ ಕೆಳಗೆ ಎಂಜಿನ್ ಗುರುಗುಟ್ಟಿಸುವುದು ಸರಿಯಲ್ಲವೆಂದು ನಿಲ್ಲಿಸಿದ್ದಿರಬೇಕು. ಇವತ್ತು ಮತ್ತೆ ಶುರುಮಾಡಿದ್ದರು. ನಿನ್ನೆ ಸಂಜೆ ಕೊನೆಯ ನೆಂಟರು ಚೀಲ ಎತ್ತಿಕೊಂಡು ಹೊರಟದ್ದನ್ನು ಅವರೂ ನೋಡಿರಬೇಕು. ಹಾಗಾದರೆ ಇವತ್ತು ಮಾಮೂಲಿ ದಿನ, ಎಂದುಕೊಂಡಳು. ಯಾರೋ ಹೊರಗಿನವರು ತೀರ್ಮಾನಿಸಿ ತಿಳಿಸಿದ ಹಾಗಿತ್ತು.

ಕಿಟಕಿಯ ಗಾಜು ಸಣ್ಣಗೆ ನಡುಗುತ್ತಿತ್ತು. ಈ ಹೊತ್ತಿಗೆ ಗಂಡ ದಿಂಬಿನಲ್ಲಿ ಮುಖ ಹುದುಗಿಸಿಕೊಂಡೇ 'ಬಂತು ತಾತನ ಹತ್ತು ನಿಮಿಷ' ಅನ್ನುತ್ತಿದ್ದ. 'ಈಗಿನ ಗಾಡಿಗೆ ಅದೆಲ್ಲ ಬೇಡ ಅಂತ ಹೇಳಬಾರದಾ ಅವರಿಗೆ?' ಎಂದು ಅವಳು. ನಿಂತ ಗಾಡಿಯ ಎಂಜಿನ್ ಓಡಿಸಿದರೆ ಪೆಟ್ರೋಲ್ ಸುಡುವುದೊಂದೇ ಲಾಭ, ಮೊದಲೆರಡು ಮೈಲಿ ಮೆಲ್ಲಗೆ ಓಡಿಸಿದರೆ ಅದು ತಾನಾಗಿ ಬಿಸಿಯಾಗುತ್ತದೆ ಎಂದು ಅವಳು ಓದಿದ್ದಳು. 'ನೀವೇ ಹೇಳಿ ಪಂಡಿತರೇ. ನನಗೆ ಆ ತಾತನ ಹತ್ರ ಆಗಾಗ ಕೆಲಸ ಬೀಳುತ್ತೆ,' ಎಂದು ಅವನು ಮಗ್ಗುಲು ಬದಲಿಸುತ್ತಿದ್ದ. ಏನು ಕೆಲಸ ಎಂದು ಅವಳು ಕೇಳಿದ್ದಿಲ್ಲ. ಅವನಿಗೆ ಎಲ್ಲರ ಹತ್ತಿರವೂ ಏನಾದರೊಂದು ಕೆಲಸ ಇರುತ್ತಿತ್ತು. ಭೂಗೋಳದ ಮೇಷ್ಟ್ರು, ನಕ್ಷೆಯಲ್ಲಿ ಯಾವ ಊರನ್ನಾದರೂ ಕಣ್ಣು ಮುಚ್ಚಿ ತೋರಿಸುವವನು ಮನೆಯಿಂದ ತರಕಾರಿ ಅಂಗಡಿಗೆ ಹೋಗುವಾಗ ಮೂರು ಜನರನ್ನು ದಾರಿ ಕೇಳುತ್ತಿದ್ದ. ಕೇಳುವುದೇ ಅವನಿಗೆ ಖುಷಿ. ಎಂಜಿನ್ ನಿಂತಿತು. ಗಾಜೂ ನಿಂತಿತು. ಆರು ನಲವತ್ತು.

ಅಡುಗೆಮನೆಯಲ್ಲಿ ಅತ್ತೆ ಎರಡೇ ಲೋಟ ಇಟ್ಟುಕೊಂಡು ಕಾಫಿ ಬಗ್ಗಿಸುತ್ತಿದ್ದರು. ಮೂರನೆಯದನ್ನು ತೊಳೆದು ಬೋರಲು ಹಾಕಿದ್ದರು. ಇಷ್ಟು ದಿನ ಹತ್ತು ಹದಿನೈದು ಲೋಟಗಳಿದ್ದಾಗ ಯಾವುದು ಯಾರದೆಂದು ಗೊತ್ತಾಗುತ್ತಿರಲಿಲ್ಲ, ಈಗ ಗೊತ್ತಾಗುತ್ತಿತ್ತು. ಅತ್ತೆ ಅವಳ ಮುಖ ನೋಡದೆ ಹೇಳಿದರು.

'ನಿಮ್ಮ ಭಾವ ಫೋನ್ ಮಾಡಿದ್ದ. ಗ್ಯಾರೇಜಿಗೆ ಇನ್ಶೂರೆನ್ಸಿನೋರು ಬರ್ತಾರಂತೆ, ಹನ್ನೊಂದಕ್ಕೆ. ಅವರು ನೋಡಿ ಹೋದಮೇಲೆ ಗಾಡಿ ಗುಜರಿಗೆ ಹಾಕ್ತಾರಂತೆ. ಒಳಗೆ ಏನಾದ್ರೂ ಸಾಮಾನು ಇದ್ರೆ ತಗೋಬೇಕಂತೆ, ಗಾಡಿ ಕಾಗದಾನೂ ಕೊಡಬೇಕಂತೆ. ಸಂಜೆ ಬರ್ತೀನಿ ಅಂದ. ಹನ್ನೊಂದಕ್ಕೆ ಬೇಕಾದ್ದಕ್ಕೆ ಸಂಜೆ ಬರ್ತಾನಂತೆ. ಹುಟ್ಟಿದಾಗಿನಿಂದ ಹಾಗೇ ಅವನು.'

'ನಾನು ಹೋಗ್ತೀನಿ ಅತ್ತೆ.'

'ನೀನ್ಯಾಕೆ?' ಈಗ ಅವರು ತಿರುಗಿದರು. 'ಆ ಗಾಡೀನ ಯಾಕೆ ನೋಡ್ತೀಯ? ನೋಡಿದ್ರೆ ಏನು ಬರುತ್ತೆ?'

'ನೋಡಬೇಕು.'

ಅತ್ತೆ ಒಂದು ಲೋಟವನ್ನು ಅವಳ ಕಡೆ ಸರಿಸಿ, 'ಹಾಗಾದ್ರೆ ಹೊಟ್ಟೆಗೆ ಏನಾದ್ರೂ ಹಾಕ್ಕೊಂಡು ಹೋಗು. ಅಲ್ಲೆಲ್ಲೋ ತಲೆ ತಿರುಗಿ ಬಿದ್ದು ನನಗೆ ಇನ್ನೊಂದು ಕೆಲಸ ಹಚ್ಚಬೇಡ,' ಅಂದರು. ಮಗನನ್ನು ಕಳಕೊಂಡವರು ಹೀಗೆ ಬೈಯುವುದು ಅವಳಿಗೆ ಹಿತವಾಯಿತು. ಉಳಿದವರೆಲ್ಲ ಈ ಆರು ದಿನ ಅವಳನ್ನು ಗಾಜಿನ ಸಾಮಾನಿನ ಹಾಗೆ ಎತ್ತಿ ಇಳಿಸುತ್ತಿದ್ದರು. ಅವರೆದುರು ಅವಳಿಗೆ ನಾಚಿಕೆಯಾಗುತ್ತಿತ್ತು, ಏಕೆಂದರೆ ಅವರಿಗೆ ಗೊತ್ತಿಲ್ಲದ ಒಂದು ಸಂಖ್ಯೆ ಅವಳ ಹತ್ತಿರವಿತ್ತು. ನಲವತ್ತನಾಲ್ಕು.

ಅವನನ್ನು ಮಣ್ಣಿಗೆ ಕೊಟ್ಟು ಬಂದ ದಿನ ಗಂಡಸರೆಲ್ಲ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತು ಕಾರಿನ ಬಗ್ಗೆ ಮಾತಾಡಿದ್ದರು. ಸತ್ತವನ ಬಗ್ಗೆ ಮಾತಾಡುವುದು ಕಷ್ಟ. ಕಾರಿನ ಬಗ್ಗೆ ಸುಲಭ. ಅವಳು ಬಾಗಿಲ ಹಿಂದೆ ಗೋಡೆಗೊರಗಿ ನಿಂತಿದ್ದಳು, ನೀರಿನ ಜಗ್ಗು ಕೈಯಲ್ಲಿ ಹಿಡಿದು, ಹೊರಗೆ ಹೋಗಲಾರದೆ. ಇಳಿಜಾರಿನಲ್ಲಿ ಪೆಟ್ರೋಲ್ ಉಳಿಸೋಣ ಅಂತ ನ್ಯೂಟ್ರಲ್ ಮಾಡಿರಬೇಕು, ಎಂದರು ಒಬ್ಬರು. ಅವನ ಶಾಲೆಯ ಲೆಕ್ಕದ ಮೇಷ್ಟ್ರು, ಆ ದುಬಾರಿ ಪೆಟ್ರೋಲ್ ಹಾಕಿಸುತ್ತಿದ್ದ, ನಾನೇ ಹೇಳಿದ್ದೆ, ಅದು ಹಾಕಿದರೆ ಗಾಡಿಗೆ ಎಳೆತ ಜಾಸ್ತಿಯಾಗಿ ಕೈಗೆ ಸಿಗೋದಿಲ್ಲ, ಎಂದು ತಲೆ ಅಲ್ಲಾಡಿಸಿದರು. ತಾವೇ ಅದನ್ನು ಹಾಕಿಸು ಎಂದು ಅವನ ತಲೆ ತಿಂದದ್ದು ಅವರಿಗೆ ಮರೆತಿತ್ತು. ಹಳೇ ಗಾಡಿ ತಗೊಂಡದ್ದೇ ತಪ್ಪು, ಎಂದರು ಭಾವ. ಎಸಿ ಹಾಕಿದ್ದರೆ ಬ್ರೇಕಿಗೆ ಶಕ್ತಿ ಸಾಲುವುದಿಲ್ಲ ಎಂದು ಯಾರೋ ಹೇಳಿದರು, ಯಾರೂ ಅದನ್ನು ಅಲ್ಲಗಳೆಯಲಿಲ್ಲ. ಎಂಟು ತಿಂಗಳ ಹಿಂದೆ ಕಾರು ಮನೆಗೆ ಬಂದಾಗ ಅವನು ಕಂಡಕಂಡವರನ್ನು ಕೇಳಿ ಹೊತ್ತು ತರುತ್ತಿದ್ದ ಬುದ್ಧಿಮಾತುಗಳೆಲ್ಲ ಮತ್ತೆ ಒಂದೊಂದಾಗಿ ಮನೆಯ ಮುಂದೆ ಬಂದು ಕೂತಿದ್ದವು. ಅವಳು ಹೆಚ್ಚುಕಡಿಮೆ ನಗುವುದರಲ್ಲಿದ್ದಳು. ಆಗ ಗ್ಯಾರೇಜಿನ ಮೇಸ್ತ್ರಿ, ಜಜ್ಜಿದ ಕಾರನ್ನು ಎಳೆದು ತಂದವನು, ಅಷ್ಟು ಹೊತ್ತೂ ಮೂಲೆಯಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದವನು, ಯಾರೋ ಒತ್ತಾಯಿಸಿದ್ದಕ್ಕೆ ಬಾಯಿಬಿಟ್ಟ. 'ನಾನು ಇನ್ನೂ ಗಾಡಿ ನೋಡಿಲ್ಲ ಸಾರ್. ಒದ್ದೆ ರಸ್ತೇಲಿ ಟೈರಿಗೆ ಗಾಳಿ ಜಾಸ್ತಿ ಇದ್ರೂ ಜಾರುತ್ತೆ. ಟೈರು ಕಲ್ಲಾಗಿಬಿಡುತ್ತೆ, ನೆಲ ಹಿಡಿಯೋದಿಲ್ಲ. ಸುಮಾರು ಜನಕ್ಕೆ ಎಷ್ಟು ಹಾಕಬೇಕು ಅಂತಾನೇ ಗೊತ್ತಿರಲ್ಲ.' ಉಳಿದವರು ಮತ್ತೆ ಪೆಟ್ರೋಲಿಗೆ ಹೋದರು. ಅವಳು ಜಗ್ಗನ್ನು ನೆಲದ ಮೇಲಿಟ್ಟಳು.

ಎಷ್ಟು ಹಾಕಬೇಕೆಂದು ಹೇಳಿದವಳು ಅವಳು. ಮೊದಲ ಭಾನುವಾರವೇ. ಅವನು ವಾರವೆಲ್ಲ ಕೇಳಿಕೊಂಡು ಬಂದಿದ್ದ: ಒಬ್ಬರು ಇಪ್ಪತ್ತೆಂಟು ಅಂದರೆ ಇನ್ನೊಬ್ಬರು ಮೂವತ್ತೈದು, ಬೇಸಗೆಯಲ್ಲಿ ಇಳಿಸಬೇಕು ಎಂದು ಒಬ್ಬರು, ದೂರ ಹೋಗುವಾಗ ಏರಿಸಬೇಕು ಎಂದು ಇನ್ನೊಬ್ಬರು. ಪೆಟ್ರೋಲ್ ಬಂಕಿನಲ್ಲಿ, ಗಾಳಿ ಹಾಕುವವನ ಮುಂದೆ, ಅವನು ಈ ಪಟ್ಟಿಯನ್ನೆಲ್ಲ ಒಪ್ಪಿಸತೊಡಗಿದಾಗ ಹಿಂದೆ ಎರಡು ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ಅವಳಿಗೆ ರೇಗಿತು. ಅವಳು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ದಿನಕ್ಕೆ ನೂರಿನ್ನೂರು ಪುಸ್ತಕಗಳ ಬೆನ್ನು ಓದುವವಳು. ಕೇಳಿ ತಿಳಿಯುವುದಕ್ಕಿಂತ ನೋಡಿ ತಿಳಿಯುವುದು ಮೇಲು ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಕಾರಿನಿಂದಿಳಿದು ಟೈರಿನ ಪಕ್ಕ ಮಂಡಿಯೂರಿ, ಕಪಾಟಿನ ಕೆಳಗಿನ ಸಾಲಿನ ಪುಸ್ತಕಕ್ಕೆ ಬಗ್ಗುವ ಹಾಗೆ ಕತ್ತು ವಾರೆಮಾಡಿ, ಕೆಸರನ್ನು ಬೆರಳಿನಿಂದ ಒರೆಸಿ ಓದಿದ್ದಳು. 'ನೋಡು, ಇಲ್ಲೇ ಅಚ್ಚು ಹಾಕಿದಾರೆ. ನಲವತ್ನಾಲ್ಕು. ಟೈರು ಮಾಡಿದೋರಿಗಿಂತ ನಿಮ್ಮ ಸ್ಟಾಫ್ ರೂಮಿಗೆ ಜಾಸ್ತಿ ಗೊತ್ತಾ?' ಗಾಳಿ ಹಾಕುವವನು ಅವಳನ್ನು ನೋಡಲಿಲ್ಲ, ಅವನನ್ನು ನೋಡಿದ. ಆ ನೋಟ ಅವಳಿಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿತ್ತು. ಆಗ ಅದನ್ನು ಅವಳು, ಹೆಂಗಸು ಹೇಳಿದ್ದಕ್ಕೆ ಗಂಡಸಿನ ಅಪ್ಪಣೆ ಕೇಳುವ ನೋಟ ಎಂದು ಓದಿಕೊಂಡಿದ್ದಳು. ಅವನು ನಕ್ಕು, 'ಅವರು ಹೇಳಿದಷ್ಟು ಹಾಕಿಬಿಡಿ,' ಎಂದಿದ್ದ. ಆಮೇಲೆ ಅದು ರೂಢಿಯಾಯಿತು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ, ಬಂಕಿನಲ್ಲಿ, ಎಷ್ಟಮ್ಮ ಎಂದು ಆತ ಕೇಳುವುದು, ನಲವತ್ನಾಲ್ಕು ಎಂದು ಅವಳು ಹೇಳುವುದು. ಒಮ್ಮೆ ಅವನ ಸಹೋದ್ಯೋಗಿಗಳು ಊಟಕ್ಕೆ ಬಂದಿದ್ದಾಗ ಈ ಕಥೆಯನ್ನು ಅವಳೇ ಬಣ್ಣ ಹಚ್ಚಿ ಹೇಳಿದ್ದಳು, ಅವನ ಪಟ್ಟಿಯನ್ನು ಅವನದೇ ದನಿಯಲ್ಲಿ ಅಣಕಿಸಿ. ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ತಟ್ಟೆಯ ಕಡೆ ನೋಡಿಕೊಂಡು.

ಕೊನೆಯ ಸಲ ಗಾಳಿ ಹಾಕಿಸಿದ್ದು ಅವನು ಸಾಯುವ ನಾಲ್ಕು ದಿನ ಮೊದಲು.

ಗಾಡಿ ಕಾಗದ ಅವನ ಶಾಲೆಯ ಚೀಲದಲ್ಲಿರುತ್ತಿತ್ತು. ಆಸ್ಪತ್ರೆಯವರು ಆ ದಿನ ಕೊಟ್ಟ ಹಾಗೆಯೇ ಅದು ಬೀರುವಿನ ಪಕ್ಕ ಇತ್ತು, ಯಾರೂ ಮುಟ್ಟಿರಲಿಲ್ಲ. ಅವಳು ಜಿಪ್ಪು ಎಳೆದಳು. ಸೀಮೆಸುಣ್ಣದ ಡಬ್ಬಿ, ಮಡಚಿದ ಒಂದು ನಕ್ಷೆ, ತಿದ್ದಿ ಅರ್ಧಕ್ಕೆ ಬಿಟ್ಟ ಉತ್ತರಪತ್ರಿಕೆಗಳು. ನದಿಗಳು ಎಲ್ಲಿ ಹುಟ್ಟುತ್ತವೆ ಎಂಬ ಪ್ರಶ್ನೆಗೆ ಯಾವುದೋ ಹುಡುಗಿ 'ಮೇಲೆ' ಎಂದು ಬರೆದಿದ್ದಳು, ಅವನು ಅದಕ್ಕೆ ಅರ್ಧ ಅಂಕ ಕೊಟ್ಟಿದ್ದ. ಕಾಗದಗಳ ಪ್ಲಾಸ್ಟಿಕ್ ಕವರಿನ ಕೆಳಗೆ ಏನೋ ಭಾರವಾದದ್ದು ಕೈಗೆ ತಗುಲಿತು. ಕರ್ಚೀಫಿನಲ್ಲಿ ಸುತ್ತಿದ, ಟೈರಿನ ಗಾಳಿ ಅಳೆಯುವ ಗೇಜು. ಹಳೆಯ ಕಾಲದ್ದು, ಗಡಿಯಾರದಂಥ ದುಂಡು ಮುಖ, ಗೇಣುದ್ದದ ರಬ್ಬರ್ ಕೊಳವೆ, ಹಿಡಿಕೆಗೆ ಕಪ್ಪು ಟೇಪು ಸುತ್ತಿತ್ತು. ಮುಖದ ಮೇಲೆ ಸಂಖ್ಯೆಗಳು ನೂರ ಅರವತ್ತರ ತನಕ ಇದ್ದವು. ಕಾರಿನದಲ್ಲ, ಬಸ್ಸಿನ ಟೈರಿಗೆ ಬಳಸುವಂಥದು. ಹಿಂದೆ ತಗಡಿನ ಮೇಲೆ ಮೊಳೆಯಿಂದ ಯಾವುದೋ ಡಿಪೋ ನಂಬರು ಕೊರೆದಿತ್ತು. ಹಾಗಾದರೆ ಇದು ಕೆಳಗಿನ ತಾತನದು. ಅವನು ಇಸಕೊಂಡಿದ್ದಾನೆ, ವಾಪಸು ಕೊಟ್ಟಿಲ್ಲ. ಗಾಜಿನ ಮೇಲೆ, ಕೆಳಗಡೆ ಎಡಕ್ಕೆ, ಕೂದಲಿನಷ್ಟು ತೆಳುವಾದ ಒಂದು ಕೆಂಪು ಗೆರೆ. ಅವಳು ಅದನ್ನು ಉಗುರಿನಿಂದ ಕೆರೆದಳು. ಬಣ್ಣ, ಗಟ್ಟಿಯಾಗಿ ಒಣಗಿದ್ದು. ತಾತ ಗುರುತಿಗೆ ಹಾಕಿಕೊಂಡಿರಬೇಕು. ಅದನ್ನು ಕರ್ಚೀಫಿನಲ್ಲಿ ಮತ್ತೆ ಸುತ್ತುವಾಗ ಅವಳಿಗೆ ಒಂದು ಯೋಚನೆ ಬಂದು, ಬಂದದ್ದೇ ಹೋಗದೆ ಅಲ್ಲೇ ಕೂತಿತು. ಜಜ್ಜಿಹೋದ ಕಾರಿನಲ್ಲಿ ಟೈರುಗಳು ಇನ್ನೂ ಇವೆ. ಟೈರುಗಳಲ್ಲಿ ಆ ದಿನದ ಗಾಳಿ ಇನ್ನೂ ಇದೆ. ಹನ್ನೊಂದು ಗಂಟೆಯ ಮೇಲೆ ಇರುವುದಿಲ್ಲ. ಆಮೇಲೆ ಅದು ನಲವತ್ತನಾಲ್ಕು ಇತ್ತು ಎಂದು ಹೇಳುವವರು ಲೋಕದಲ್ಲಿ ಯಾರೂ ಉಳಿಯುವುದಿಲ್ಲ, ಅವಳೊಬ್ಬಳ ಹೊರತು. ಅವಳು ಸಾಯುವ ತನಕ ಅದನ್ನು ಹೌದೋ ಅಲ್ಲವೋ ಎಂದು ಮಗುಚಿ ಹಾಕುತ್ತಿರಬೇಕು. ಗೇಜನ್ನು ಕೈಚೀಲಕ್ಕೆ ಹಾಕಿಕೊಂಡಳು.

ಗೇಟಿನ ಒಳಗೆ ತಾತನ ಬಿಳಿ ಕಾರು ನಿಂತಿತ್ತು. ಬಾನೆಟ್ಟಿನ ಬಳಿ ಇನ್ನೂ ಬೆಚ್ಚಗಿತ್ತು. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಅವಳು ಮುಂದಿನ ಟೈರಿನ ಪಕ್ಕ ಕೂತಳು. ಮೇಸ್ತ್ರಿಯ ಮಾತು ಕೇಳಿದಾಗಿನಿಂದ ಇದನ್ನು ಓದಬೇಕೆಂದಿತ್ತು, ಧೈರ್ಯವಿರಲಿಲ್ಲ. ರಬ್ಬರಿನ ಮೇಲೆ ಉಬ್ಬಿದ ಅಕ್ಷರಗಳ ಸಾಲನ್ನು ಬೆರಳಿನಿಂದ ಹಿಂಬಾಲಿಸುತ್ತ ಹೋದಳು. ಸಂಖ್ಯೆ ಸಿಕ್ಕಿತು, ಇಲ್ಲೂ ನಲವತ್ತನಾಲ್ಕೇ. ಅದರ ಹಿಂದೆ, ಸಂಖ್ಯೆಗಿಂತ ಸಣ್ಣದಾಗಿ, ಮ್ಯಾಕ್ಸ್ ಎಂದಿತ್ತು. ಇಷ್ಟು ಹಾಕು ಎಂದಲ್ಲ. ಇದರ ಮೇಲೆ ಹಾಕಬೇಡ ಎಂದು. ಅಷ್ಟೇ. ಆ ದಿನ ಕೆಸರು ಒರೆಸಿದಾಗ ಈ ಮಾತೂ ಅಲ್ಲಿ ಇದ್ದಿರಲೇಬೇಕು. ಸಂಖ್ಯೆ ಕಂಡ ಕೂಡಲೆ ಅವಳ ಬೆರಳು ನಿಂತುಬಿಟ್ಟಿತ್ತು. ಪುಸ್ತಕದ ಬೆನ್ನು ನೋಡಿಯೇ ಒಳಗಿನದೆಲ್ಲ ಗೊತ್ತು ಎನ್ನುವವರನ್ನು ಅವಳು ಎಷ್ಟೋ ಸಲ ಗೇಲಿ ಮಾಡಿದ್ದಳು.

'ಏನಮ್ಮ, ಏನಾದ್ರೂ ಬಿತ್ತಾ?'

ತಾತ ಬಾಗಿಲಲ್ಲಿ ನಿಂತಿದ್ದರು, ಬನಿಯನ್ನಿನ ಮೇಲೆ ಟವೆಲ್ಲು. ಅವಳು ಎದ್ದಳು. 'ಕಿವಿಯೋಲೆ ತಾತ.'

'ಎರಡೂ ಕಿವೀಲೇ ಇದಾವಲ್ಲಮ್ಮ.'

ಅವಳ ಕೈ ತಾನಾಗಿ ಕಿವಿಗೆ ಹೋಯಿತು. ಮುಖ ಬಿಸಿಯಾಯಿತು. ತಾತ ಅದನ್ನು ಕಂಡೂ ಕಾಣದ ಹಾಗೆ ಕಾರಿನ ಕಡೆ ತಿರುಗಿ, ಟವೆಲ್ಲಿನಿಂದ ಗಾಜಿನ ಮೇಲೆ ಇಲ್ಲದ ಧೂಳು ಒರೆಸಿದರು. 'ಎಲ್ಲಿಗೋ ಹೊರಟಿದೀಯ. ಬಿಡ್ಲಾ? ಗಾಡಿ ಬಿಸಿ ಇದೆ.'

'ಬೇಡ ತಾತ. ಬಸ್ಸಲ್ಲಿ ಹೋಗ್ತೀನಿ.'

'ಬಸ್ಸಂದ್ರೆ ನಾನು ಏನೂ ಹೇಳೋಹಾಗಿಲ್ಲ,' ಎಂದು ನಕ್ಕರು, ನಕ್ಕದ್ದು ತಪ್ಪಾಯಿತೇನೋ ಎಂದು ನಿಲ್ಲಿಸಿದರು. ಕೈಚೀಲದಲ್ಲಿ ಅವರ ಗೇಜು ಅವಳ ತೊಡೆಗೆ ತಾಗುತ್ತಿತ್ತು. ಈಗಲೇ ಕೊಟ್ಟುಬಿಡಬಹುದಿತ್ತು. ಕೊಡದೆ ಗೇಟು ದಾಟಿದಳು. ಕದ್ದುಕೊಂಡು ಹೋಗುತ್ತಿರುವ ಹಾಗಿತ್ತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ನೀರಿನ ಟ್ಯಾಂಕಿನ ತಿರುವು ಬಂದಾಗ ಕಣ್ಣು ಮುಚ್ಚಬೇಕು ಎಂದುಕೊಂಡಿದ್ದಳು, ಮುಚ್ಚಲಿಲ್ಲ. ಒಂದು ಕಲ್ಲುಕಂಬ, ಅದರ ಮೇಲೆ ಹೊಸದಾದ ಬಿಳಿ ಗೀಚು, ಬುಡದಲ್ಲಿ ಒಂದಿಷ್ಟು ಗಾಜಿನ ಪುಡಿ ಬಿಸಿಲಿಗೆ ಮಿನುಗುತ್ತಿತ್ತು. ರಸ್ತೆ ಒಣಗಿತ್ತು. ಯಾರೋ ಕಂಬಕ್ಕೆ ಸೈಕಲ್ಲು ಒರಗಿಸಿಟ್ಟಿದ್ದರು. ಆ ಗುರುವಾರ ಬೆಳಿಗ್ಗೆ ಇಲ್ಲಿ ಮಳೆ ಬಂದು ನಿಂತಿತ್ತು, ಅವನು ಪರೀಕ್ಷಾ ಕೇಂದ್ರಕ್ಕೆ ಹೊರಟಿದ್ದ, ಮನೆಯಲ್ಲಿ ಕೊನೆಗೆ ಆಡಿದ ಮಾತು ಛತ್ರಿಯದು. ಕಾರಿದೆಯಲ್ಲ, ಛತ್ರಿ ಯಾಕೆ, ಎಂದಿದ್ದ. ಅವಳು ಅದೇ ಹೊತ್ತಿನಲ್ಲಿ ಹೊಸ ಪುಸ್ತಕಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದಳು, ಗೋಂದು ಬೆರಳಿಗೆ ಮೆತ್ತಿಕೊಂಡು ಫೋನನ್ನು ಅಂಗೈ ಬದಿಯಿಂದ ಎತ್ತಿದ್ದಳು. ಎಷ್ಟೋ ಹೊತ್ತು ಆ ಗೋಂದನ್ನು ಉಜ್ಜುತ್ತಲೇ ಇದ್ದಳಂತೆ, ಆಸ್ಪತ್ರೆಯಲ್ಲೂ. ಭಾವ ಹೇಳಿದ್ದರು.

ಗ್ಯಾರೇಜು ಎಂದರೆ ಮುಂದೆ ತಗಡಿನ ಚಪ್ಪರ, ಹಿಂದೆ ಒಂದು ಬಯಲು. ಮೇಸ್ತ್ರಿ ಅವಳನ್ನು ಕಂಡು ಕೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದ. 'ನೀವ್ಯಾಕೆ ಬಂದ್ರಿ ಮೇಡಂ, ಯಾರನ್ನಾದ್ರೂ ಕಳಿಸಿದ್ರೆ ಆಗ್ತಿತ್ತು,' ಎಂದ. ಆಮೇಲೆ ದಾರಿ ತೋರಿಸುತ್ತ ಮುಂದೆ ನಡೆದ. ಕಾರು ಬಯಲಿನ ಕೊನೆಯಲ್ಲಿ ಗೋಡೆಯ ಕಡೆ ಮುಖಮಾಡಿ ನಿಂತಿತ್ತು. ಹಿಂದಿನಿಂದ ನೋಡಿದರೆ ಏನೂ ಆಗಿರದ ಹಾಗೆ. ಅವಳು ಆ ಹಿಂಭಾಗವನ್ನೇ ನೋಡುತ್ತ ನಿಂತಳು. ಆಮೇಲೆ ಕೈಚೀಲದಿಂದ ಗೇಜು ತೆಗೆದಳು.

'ನನಗೆ ಟೈರಿನ ಗಾಳಿ ನೋಡಬೇಕು.'

ಮೇಸ್ತ್ರಿ ಅವಳ ಮುಖ ನೋಡಿದ, ಗೇಜು ನೋಡಿದ. 'ಅವತ್ತು ನಾನು ಏನೋ ಬಾಯಿಗೆ ಬಂದದ್ದು ಹೇಳ್ದೆ ಅಂತ...'

'ನೋಡಬೇಕು. ಎಳೆದು ತಂದಮೇಲೆ ಯಾರಾದ್ರೂ ಗಾಳಿ ಮುಟ್ಟಿದಾರಾ?'

'ಇಲ್ಲ. ಇನ್ಶೂರೆನ್ಸ್ ಸರ್ವೇಯರ್ ಬರೋಗಂಟ ಏನನ್ನೂ ಮುಟ್ಟೋದಿಲ್ಲ ನಾವು. ಮುಂದಿನ ಎಡಗಡೇದು ಕಂಬಕ್ಕೆ ಹೊಡೆದು ಹರಿದಿದೆ, ಅದು ಬಿಡಿ. ಮೂರು ಇದಾವೆ.' ಗೇಜಿಗೆ ಕೈ ಚಾಚಿ, 'ನಾನು ಹಿಡೀಲಾ?' ಎಂದ.

'ಬೇಡ. ಹೇಗೆ ಅಂತ ಹೇಳಿ.'

ಹಿಂದಿನ ಬಲಗಡೆಯ ಟೈರಿನ ಪಕ್ಕ ಮಂಡಿಯೂರಿದಳು. ನೆಲದ ಜಲ್ಲಿ ಚುಚ್ಚಿತು. ವಾಲ್ವಿನ ಮುಚ್ಚಳ ತಿರುಗಿಸಿ ತೆಗೆದಳು. ಅದು ಸಲೀಸಾಗಿ ಬಂತು. ಕೊಳವೆಯ ತುದಿಯನ್ನು ಒತ್ತುವಾಗ ವಾರೆಯಾಗಿ ಸುಸ್ಸೆಂದು ಗಾಳಿ ಹೊರಬಂದು ಕೈಬೆರಳಿಗೆ ತಣ್ಣಗೆ ಬಡಿಯಿತು. ನೇರ ಒತ್ತಿ ಎಂದ ಮೇಸ್ತ್ರಿ. ನೇರ ಒತ್ತಿದಳು. ಸದ್ದು ನಿಂತಿತು, ಮುಳ್ಳು ನೆಗೆಯಿತು. ಅವಳು ಎಡಗೈಯಲ್ಲಿ ಗೇಜನ್ನು ಕಣ್ಣ ಹತ್ತಿರ ತಂದಳು. ನೂರ ಅರವತ್ತರ ತನಕ ಹೋಗಬಲ್ಲ ಆ ಮುಳ್ಳು ಬಹಳ ದೂರವೇನೂ ಹೋಗಿರಲಿಲ್ಲ. ಕೆಂಪು ಗೆರೆಯ ಮೇಲೆ ನಿಂತಿತ್ತು. ಗೆರೆಯ ಅಡಿಯಲ್ಲಿ ಮೂವತ್ತು ಎಂದಿತ್ತು.

'ಮೂವತ್ತು,' ಎಂದ ಮೇಸ್ತ್ರಿ, ಅವಳ ಹೆಗಲ ಮೇಲಿನಿಂದ ಬಗ್ಗಿ. 'ಸರಿಯಾಗಿದೆ.'

ಅವಳು ಹಿಂದಿನ ಎಡಕ್ಕೆ ಹೋದಳು. ಅದೂ ಗೆರೆಯ ಮೇಲೆ. ಮುಂದಿನ ಬಲಕ್ಕೆ ಹೋದಳು, ಜಜ್ಜಿದ ಭಾಗವನ್ನು ನೋಡದೆ ಕೂತಳು. ಗೆರೆಯ ಮೇಲೆ, ಕೂದಲಷ್ಟು ಕೆಳಗೆ. ಮೂರೂ ಮುಗಿದ ಮೇಲೆ ಮತ್ತೆ ಮೊದಲಿನದಕ್ಕೆ ಬಂದು ಇನ್ನೊಮ್ಮೆ ಒತ್ತಿದಳು.

'ಈ ಗಾಡಿಗೆ ಎಷ್ಟು ಹಾಕಬೇಕು?'

'ಮೂವತ್ತೇ. ಬರೆದಿರ್ತಾರಲ್ಲ.' ಅವನು ಡ್ರೈವರ್ ಬಾಗಿಲನ್ನು ಎಳೆದ. ಅದು ಕಿರುಗುಟ್ಟಿ ಅರ್ಧ ತೆರೆಯಿತು. ಬಾಗಿಲ ಚೌಕಟ್ಟಿನ ಒಳಬದಿಯಲ್ಲಿ ಅಂಗೈಯಗಲದ ಒಂದು ಚೀಟಿ, ಅಂಚು ಸುಕ್ಕುಗಟ್ಟಿದ್ದು. ಅದರಲ್ಲಿ ಕಾರಿನ ಸಣ್ಣ ಚಿತ್ರ, ಚಿತ್ರದ ಗಾಲಿಗಳ ಪಕ್ಕದಲ್ಲಿ ಮೂವತ್ತು, ಮೂವತ್ತು. ಎಂಟು ತಿಂಗಳು ಅದು ಅಲ್ಲೇ ಇತ್ತು. ಅವಳು ಯಾವತ್ತೂ ಕೂತದ್ದು ಆ ಕಡೆ. ಈ ಬಾಗಿಲನ್ನು ತೆರೆದು ಹತ್ತುತ್ತಿದ್ದವನು, ದಿನಕ್ಕೆ ನಾಲ್ಕು ಸಲ, ಅವನು.

'ಮತ್ತೆ ಯಾಕೆ ಜಾರ್ತು?'

ಮೇಸ್ತ್ರಿ ಬಾಗಿಲನ್ನು ಮುಚ್ಚಲು ನೋಡಿದ, ಅದು ಮುಚ್ಚಲಿಲ್ಲ. 'ಮೊದಲ ಮಳೆ ಮೇಡಂ. ರಸ್ತೆ ಮೇಲಿನ ಎಣ್ಣೆ ಜಿಡ್ಡೆಲ್ಲ ಏಳುತ್ತೆ. ಅವತ್ತು ಅದೇ ತಿರುವಲ್ಲಿ ಇನ್ನೂ ಎರಡು ಗಾಡಿ ಜಾರಿದಾವೆ, ಅವಕ್ಕೆ ಕಂಬ ಸಿಗಲಿಲ್ಲ. ಬ್ರೇಕು ನೋಡ್ದೆ, ಚೆನ್ನಾಗಿದೆ. ಗಾಡೀನ ಚೆನ್ನಾಗೇ ಇಟ್ಕೊಂಡಿದ್ರು ಸಾರು.' ಆಮೇಲೆ, ತನ್ನ ಕೆಲಸಕ್ಕೆ ಸೇರದ ಮಾತು ಆಡುವವನ ಹಾಗೆ ತಗ್ಗಿದ ದನಿಯಲ್ಲಿ, 'ನಾನು ಅವತ್ತು ಆ ಮಾತು ಆಡಬಾರದಿತ್ತು,' ಎಂದ.

'ಇಲ್ಲ. ಅಲ್ಲಿ ಸರಿಯಾಗಿ ಮಾತಾಡಿದೋರು ನೀವೊಬ್ರೇ,' ಎಂದಳು.

ಸಮಾಧಾನವಾಗಬೇಕಿತ್ತು. ಅವಳು ಅದಕ್ಕಾಗಿ ಕಾದಳು, ಚಪ್ಪರದ ಕೆಳಗೆ ಮುರುಕು ಸ್ಟೂಲಿನ ಮೇಲೆ ಕೂತು, ಸರ್ವೇಯರ್ ಬಂದು ಕಾರಿನ ಸುತ್ತ ನಡೆದು ಬರೆದುಕೊಳ್ಳುವಷ್ಟು ಹೊತ್ತು. ಅದರ ಬದಲು ಬಂದದ್ದು ಬೇರೆ. ಭಾನುವಾರ ಅವಳು ಎದುರಿಗೆ ನಿಂತು ನಲವತ್ತನಾಲ್ಕು ಹಾಕಿಸಿದ ಗಾಳಿ ಗುರುವಾರದ ಹೊತ್ತಿಗೆ ಮೂವತ್ತಾಗಿತ್ತು. ಮೂರು ಟೈರಿನಲ್ಲೂ, ಒಂದೇ ಸಮ. ತಾನಾಗಿ ಹಾಗೆ ಇಳಿಯುವುದಿಲ್ಲ. ಗಾಳಿ ಹಾಕಿಸಿ ಬಂದ ಭಾನುವಾರಗಳ ಸಂಜೆ ಅವನು 'ಚಕ್ರ ಒರೆಸಿ ಬರ್ತೀನಿ' ಎಂದು ಕೆಳಗೆ ಹೋಗುತ್ತಿದ್ದದ್ದು ಅವಳಿಗೆ ನೆನಪಾಯಿತು. ನಾಳೆ ಮತ್ತೆ ಕೆಸರಾಗುವ ಚಕ್ರವನ್ನು ಯಾವ ಬುದ್ಧಿವಂತ ಒರೆಸುತ್ತಾನೆ ಎಂದು ಅವಳು ಒಳಗಿನಿಂದ ಕೂಗುತ್ತಿದ್ದಳು. ಮೊದಮೊದಲು, ಕೆಳಗೆ ಹೋಗಿ ಕದ್ದು ಸಿಗರೇಟು ಸೇದುತ್ತಾನೆಂದುಕೊಂಡು ಬಂದಮೇಲೆ ಅವನ ಅಂಗಿ ಮೂಸಿ ನೋಡಿದ್ದೂ ಇತ್ತು. ಒಂದು ಸಲ ಬಟ್ಟೆ ತೆಗೆಯಲು ಬಾಲ್ಕನಿಗೆ ಬಂದಾಗ ಕೆಳಗಿನಿಂದ ಸುಸ್ಸೆಂಬ ಸದ್ದು ಕೇಳಿತ್ತು, ಬಿಟ್ಟುಬಿಟ್ಟು, ನಾಲ್ಕು ಕಡೆಯಿಂದ. ಏನದು ಎಂದು ಕೇಳಿದ್ದಳು. 'ಬೆಕ್ಕು,' ಎಂದಿದ್ದ ಅವನು ಕಾರಿನ ಹಿಂದಿನಿಂದ. ಬೆಕ್ಕು. ಎಂಟು ಭಾನುವಾರ ಬೆಳಿಗ್ಗೆ ಅವಳು ತುಂಬಿಸಿದ್ದನ್ನು ಎಂಟು ಭಾನುವಾರ ಸಂಜೆ ಅವನು ಬಿಟ್ಟಿದ್ದ. ಅವಳ ಕೈಯಲ್ಲಿದ್ದ ಗೇಜಿನ ಗಾಜಿನ ಮೇಲೆ ಆ ಗೆರೆ. ಈಗ ಅದರ ಬಣ್ಣವೂ ಗುರುತಾಯಿತು. ಅವಳ ಉಗುರುಬಣ್ಣ. ಸೀಸೆಯ ಮುಚ್ಚಳ ಸರಿಯಾಗಿ ಹಾಕದೆ ಬ್ರಷ್ಷು ಒಣಗಿಹೋಗಿದೆ ಎಂದು ಅವಳು ಯಾರ ಮೇಲೋ ರೇಗಿದ್ದಳು, ಅವಳನ್ನು ಬಿಟ್ಟರೆ ಮನೆಯಲ್ಲಿದ್ದದ್ದು ಅತ್ತೆ ಮತ್ತು ಅವನು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತಲ್ಲ. ಬಾ ಇಲ್ಲಿ, ಈ ಬಾಗಿಲಲ್ಲಿ ಬರೆದಿದೆ ನೋಡು, ಎಂದು. ಹೇಳಿದ್ದರೆ ತಾನು ಏನೆನ್ನುತ್ತಿದ್ದೆ ಎಂದು ಅವಳು ಯೋಚಿಸಿದಳು. ಏನಾದರೊಂದು ಅನ್ನುತ್ತಿದ್ದಳು. ಚೀಟಿ ಹಳೇದು, ಟೈರು ಹೊಸದು ಎಂದು ಅನ್ನುತ್ತಿದ್ದಳು. ಅವಳ ಬಳಿ ಯಾವಾಗಲೂ ಒಂದು ಉತ್ತರ ಇರುತ್ತಿತ್ತು.

ಮನೆಗೆ ಬಂದಾಗ ಮಧ್ಯಾಹ್ನ ಎರಡಾಗಿತ್ತು. ಮೆಟ್ಟಿಲು ಹತ್ತದೆ ತಾತನ ಬಾಗಿಲು ತಟ್ಟಿದಳು. ಒಳಗೆ ರೇಡಿಯೋ ನಿಂತಿತು, ಚಪ್ಪಲಿ ಎಳೆಯುವ ಸದ್ದು ಬಂತು. ಅವಳ ಕೈಯಲ್ಲಿದ್ದದ್ದನ್ನು ಮೊದಲು ಕಂಡರು ತಾತ, ಆಮೇಲೆ ಅವಳನ್ನು.

'ಅಯ್ಯೋ, ಇದಕ್ಕೇನಮ್ಮ ಈಗ ಅವಸರ.'

'ನಿಮ್ಮದೇ ಅಲ್ವಾ ತಾತ?'

'ನಂದೇ. ಡಿಪೋದ್ದು ಅನ್ನು, ನಿವೃತ್ತಿ ದಿನ ಹಾರ ಹಾಕಿ ಕಳಿಸಿದ್ರು, ಇದನ್ನ ಕೇಳೋಕೆ ಮರೆತ್ರು.' ಬಾಗಿಲಿಗೆ ಒರಗಿದರು. 'ಆ ಭಾನುವಾರ ಇಸ್ಕೊಂಡ್ರು ಮೇಷ್ಟ್ರು. ಸಂಜೆಗೇ ಕೊಟ್ಟುಬಿಡೋರು ಯಾವಾಗ್ಲೂ. ಆವತ್ತು ನಾನು ಮಗಳ ಮನೆಗೆ ಹೋಗಿದ್ದೆ, ಬೀಗ ಇತ್ತು. ಬಂದದ್ದೇ ಬುಧವಾರ ರಾತ್ರಿ.'

'ಯಾವಾಗ್ಲೂ,' ಎಂದಳು ಅವಳು.

ತಾತ ಟವೆಲ್ಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು. ತಾವು ಆಡಿದ್ದು ಹೆಚ್ಚಾಯಿತೆಂದು ಅವರಿಗೆ ಅನ್ನಿಸಿದ್ದು ಕಂಡಿತು.

'ನನಗೆ ಗೊತ್ತಾಗಿದೆ ತಾತ. ಇವತ್ತು ಹೋಗಿ ಅಳೆದು ಬಂದೆ. ಮೂವತ್ತಿತ್ತು.'

'ಹ್ಞೂ. ಇರಲೇಬೇಕು. ಮೊದಲ ಸಲ ನಾನೇ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದು.' ಮತ್ತೆ ಅಂದರು, 'ಮನೇಲಿ ಹೇಳಿಬಿಡಿ ಮೇಷ್ಟ್ರೇ ಅಂತ ನಾನೂ ಅಂದೆ. ತಿಂಗಳು ತಿಂಗಳು ಹೋಗಿ ಹಾಕಿಸೋದೇನು, ಬಂದು ಬಿಡೋದೇನು. ಅದಕ್ಕವರು, ವಾದ ಮಾಡ್ತಾ ಕೂರೋದಕ್ಕಿಂತ ಗಾಳಿ ಬಿಡೋದು ಸುಲಭ ತಾತ, ಅಂದ್ರು.'

ಅವಳು ನಕ್ಕಳು. ಆರು ದಿನಗಳಲ್ಲಿ ಮೊದಲ ಸಲ. ಗಂಟಲಿನಿಂದ ಒಂದು ಒಣ ಸದ್ದು ಬಂದು ನಿಂತಿತು, ಅವಳಿಗೇ ಪರಿಚಯವಿಲ್ಲದ್ದು. ಅದು ಎದೆಗೆ ನಾಟಿತು ಕೂಡ. ಅವನು ತಟ್ಟೆಯ ಕಡೆ ನೋಡಿಕೊಂಡು ನಕ್ಕದ್ದು ಇದೇ ನಗುವಿರಬೇಕು.

'ಇನ್ನೊಂದು ಅಂದ್ರು,' ಎಂದರು ತಾತ. 'ಅವಳು ಬಂಕಲ್ಲಿ ಎಲ್ಲರೆದುರಿಗೆ ಕೆಸರಲ್ಲಿ ಮಂಡಿಯೂರಿ ಓದಿ ಹೇಳಿದ್ಲು ತಾತ, ಅದನ್ನ ತಪ್ಪು ಅಂತ ಹೇಗೆ ಹೇಳಲಿ, ಅಂದ್ರು. ಆ ಕೆಂಪು ಗೀಟೂ ಅವರೇ ಹಾಕಿದ್ದು. ಅಳಿಸಿಬಿಡಲಾ ಅಂದ್ರು, ಬೇಡ ಅಂದೆ. ನನಗೆ ಈಗ ನಂಬರು ಕಾಣೋದಿಲ್ಲ, ಗೀಟು ಕಾಣುತ್ತೆ.'

ಗೇಟಿನ ಒಳಗೆ ಬಿಳಿ ಕಾರಿನ ಪಕ್ಕ ಅವಳ ಮನೆಯ ಕಾರು ನಿಲ್ಲುತ್ತಿದ್ದ ಜಾಗ ಖಾಲಿಯಿತ್ತು. ನೆಲದ ಮೇಲೆ ನಾಲ್ಕು ಕಡೆ ಟೈರಿನ ಮಬ್ಬು ಕಲೆ. ತಾತನೂ ಅತ್ತಲೇ ನೋಡುತ್ತಿದ್ದರು.

'ಬೆಳಿಗ್ಗೆ ಗಾಡಿ ಸದ್ದು ಮಾಡಿದೆ. ಮಾಡಬಾರದಿತ್ತೇನೋ ಅಂತ ಆಮೇಲೆ ಅನ್ನಿಸ್ತು. ನಾಳೆಯಿಂದ ಗೇಟಿನಾಚೆ ರಸ್ತೆಗೆ ತಗೊಂಡು ಹೋಗಿ ಬಿಸಿ ಮಾಡ್ತೀನಿ.' ಆಮೇಲೆ ಸುಮ್ಮನೆ ಕೇಳುವ ಹಾಗೆ ಕೇಳಿದರು. 'ಈಗಿನ ಗಾಡಿಗೆ ಅದೆಲ್ಲ ಬೇಡ ಅಂತಾರಂತೆ ಎಲ್ಲರೂ. ನನ್ನ ಅಳಿಯನೂ ಅಂತಾನೆ. ಮೇಷ್ಟ್ರನ್ನ ಕೇಳಿದ್ರೆ ನಕ್ಕು ಸುಮ್ಮನಾಗೋರು. ನೀನು ಓದಿರೋಳು, ಹೇಳಮ್ಮ. ಹತ್ತು ನಿಮಿಷ ಬೇಕಾ?'

ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು, ಯಾವ ಪುಸ್ತಕದಲ್ಲಿ ಓದಿದ್ದೆಂಬುದರ ಸಮೇತ. ತಾತ ಕಾಯುತ್ತಿದ್ದರು, ಟವೆಲ್ಲಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ. ಮೇಲಿನ ಬಾಲ್ಕನಿಯಿಂದ ಅತ್ತೆ, ಬಂದೆಯಾ, ಊಟ ಆರ್ತಾ ಇದೆ, ಎಂದು ಕೂಗಿದರು.

'ಬೇಕು ತಾತ,' ಎಂದಳು ಅವಳು. 'ಇಲ್ಲೇ ಮಾಡಿ. ಆರೂವರೆಗೆ.'

ಗೇಜನ್ನು ಕರ್ಚೀಫಿನಿಂದ ಬಿಡಿಸಿ, ಗಾಜಿನ ಮೇಲೆ ಕೂತಿದ್ದ ಗ್ಯಾರೇಜಿನ ಧೂಳನ್ನು ಗೆರೆಗೆ ತಾಗದ ಹಾಗೆ ಹೆಬ್ಬೆರಳಿನಿಂದ ಒರೆಸಿ, ತಾತನ ಅಂಗೈಯಲ್ಲಿಟ್ಟಳು.